ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ: ಹಳೆಯ ಜಾವಾಕ್ಕೆ ಮನೆಯಲ್ಲೇ ಮರುಜೀವ

ನಮ್ಮ ನಾಡಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಹಳೆಯ ಮೋಟಾರ್ ಸೈಕಲ್ಲೊಂದು ಇಂದಿಗೂ ಕಾಣಸಿಗುತ್ತದೆ. ಮನೆಯ ಹಿರಿಯರನ್ನು ಹೊಲಕ್ಕೂ ಪೇಟೆಗೂ ಕಚೇರಿಗೂ ಹೊತ್ತು ತಿರುಗಿದ ಆ ವಾಹನ ಒಂದು ದಿನ ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿಯನ್ನು ಸೇರುವುದು ಸಾಮಾನ್ಯ. ಆದರೆ ಅದು ಮೈಸೂರಿನಲ್ಲಿ ತಯಾರಾದ ಜಾವಾ ಅಥವಾ ಯೆಜ್ಡಿ ಆಗಿದ್ದರೆ, ಹಾಗೆ ಕಳುಹಿಸುವ ಮುನ್ನ ಮನೆಯವರೆಲ್ಲ ಕುಳಿತು ಒಮ್ಮೆ ಆಲೋಚಿಸುವುದು ಉಚಿತ.

ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು 1929ರಲ್ಲಿ ಈ ಉದ್ಯಮವನ್ನು ಆರಂಭಿಸಿದರು. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಅದರ ತಯಾರಿಕೆ 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಪ್ರಾರಂಭವಾಯಿತು. 1973ರಿಂದ ಅಲ್ಲಿನ ಬಂಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಆ ಹೊಸ ಬಂಡಿಗಳ ಯಂತ್ರವೇ ಬೇರೆ. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದ್ದರಿಂದ ಹಳೆಯ ಬಂಡಿಯ ಪ್ರತಿಯೊಂದು ಮೂಲ ಬಿಡಿಭಾಗವೂ ಮತ್ತೆ ಹುಟ್ಟಿಬಾರದ ವಸ್ತುವೇ ಸರಿ.

ಮೊದಲ ನಿಯಮ: ಏನನ್ನೂ ಎಸೆಯಬೇಡಿ

ಬಿಚ್ಚುವ ಮೊದಲು ಬಂಡಿಯ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದಿಡಬೇಕು. ವೈರುಗಳ ಜೋಡಣೆ, ಕೇಬಲ್ಲುಗಳು ಸಾಗುವ ದಾರಿ, ವಾಷರುಗಳ ಕ್ರಮ ಇವೆಲ್ಲ ಬಿಚ್ಚುವಾಗ ಸುಲಭವೆನಿಸಿದರೂ ಆರು ತಿಂಗಳ ನಂತರ ನೆನಪಿನಲ್ಲಿ ಉಳಿಯವು. ಖಾಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ ಒಂದೊಂದು ಭಾಗದ ನಟ್ಟು ಬೋಲ್ಟುಗಳನ್ನು ಪ್ರತ್ಯೇಕವಾಗಿ ಇಡುವುದು ಮನೆಯ ಮಕ್ಕಳಿಗೂ ಒಪ್ಪಿಸಬಹುದಾದ ಕೆಲಸ. ಸವೆದ ಭಾಗವನ್ನೂ ಕಾಯ್ದಿರಿಸಬೇಕು. ಹೊಸ ನಕಲು ಭಾಗವು ಸರಿಯಾದ ಅಳತೆಯಲ್ಲಿದೆಯೇ ಎಂದು ತಿಳಿಯಲು ಹಳೆಯದೇ ಮಾದರಿ. ಲೇತ್ ಕೆಲಸಗಾರನಿಗೆ ತೋರಿಸಲೂ ಅದೇ ಬೇಕು.

ಬಿಗಿದ ಎಂಜಿನ್

ವರ್ಷಗಟ್ಟಲೆ ನಿಂತ ಬಂಡಿಯ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುವುದು ಸಹಜ. ಆಗ ಕಿಕ್ ಮೇಲೆ ನಿಂತು ತುಳಿಯುವುದು ಸಲ್ಲದು. ಜಾವಾದಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆಕೋಲು ಇರುವುದರಿಂದ, ಬಲಪ್ರಯೋಗ ಮಾಡಿದರೆ ಒಳಗಿನ ಹಲ್ಲುಗಳೇ ಮುರಿಯುವ ಅಪಾಯವಿದೆ. ಪ್ಲಗ್ ತೆಗೆದು, ಆ ರಂಧ್ರದೊಳಕ್ಕೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರಸಿ ಸುರಿದು ಕೆಲವು ದಿನ ಬಿಡಬೇಕು. ಅನಂತರ ಮೆಲ್ಲಗೆ ಹಿಂದೆ ಮುಂದೆ ಅಲುಗಿಸಿದರೆ ಅನೇಕ ಸಲ ತಾನಾಗಿಯೇ ಸಡಿಲಗೊಳ್ಳುತ್ತದೆ. ಇಲ್ಲಿ ತಾಳ್ಮೆಯೇ ಉಪಕರಣ.

ಜಾವಾ ಎರಡು ಸ್ಟ್ರೋಕಿನ ಎಂಜಿನ್. ಇದರ ಪಿಸ್ಟನ್ ಕಾಡಿಯಲ್ಲಿ ಸಣ್ಣ ಪಿನ್ನುಗಳಿರುತ್ತವೆ. ರಿಂಗಿನ ಎರಡು ತುದಿಗಳೂ ಆ ಪಿನ್ನಿಗೆ ಸರಿಯಾಗಿ ಕೂರಬೇಕು. ಇಲ್ಲವಾದರೆ ರಿಂಗು ಸಿಲಿಂಡರಿನ ಗವಾಕ್ಷಿಗೆ ಸಿಲುಕಿ ಮುರಿಯುತ್ತದೆ. ಇನ್ನೊಂದು ಗಮನಿಸಬೇಕಾದ ಅಂಶವೆಂದರೆ ಕ್ರ್ಯಾಂಕಿನ ಆಯಿಲ್ ಸೀಲುಗಳು. ಅವು ಒಣಗಿ ಬಿರಿದಿದ್ದರೆ ಒಂದು ಕಡೆಯಿಂದ ಗಾಳಿ ಒಳನುಗ್ಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಇನ್ನೊಂದು ಕಡೆಯಿಂದ ಗೇರ್ ಆಯಿಲ್ ಒಳಸೇರಿ ದಟ್ಟವಾದ ಹೊಗೆ ಬರುತ್ತದೆ. ಎಷ್ಟೇ ಬಾರಿ ಕಾರ್ಬುರೇಟರ್ ತೊಳೆದರೂ ಸರಿಹೋಗದ ಬಂಡಿಗಳಲ್ಲಿ ಹಲವಕ್ಕೆ ಈ ಅಗ್ಗದ ಸೀಲೇ ರೋಗಮೂಲವಾಗಿರುತ್ತದೆ.

ಜೋಡಿ ಸೈಲೆನ್ಸರುಗಳೊಳಗಿನ ಕೊಳವೆಗಳಲ್ಲಿ ಮಸಿ ಕಟ್ಟಿ ಎಂಜಿನ್ನಿಗೆ ಉಸಿರು ಕಟ್ಟುವುದೂ ಉಂಟು. ಅವನ್ನು ಹೊರತೆಗೆದು ಕೆರೆದು ಶುಚಿಗೊಳಿಸಬಹುದು. ಆದರೆ ಮಸಿ ತೆಗೆಯಲೆಂದು ಬಳಸುವ ಕಾಸ್ಟಿಕ್ ಸೋಡಾವನ್ನು ಅಲ್ಯೂಮಿನಿಯಂ ಭಾಗಗಳಿಗೆ ಎಂದಿಗೂ ತಾಕಿಸಬಾರದು. ಅದು ಆ ಲೋಹವನ್ನೇ ತಿಂದುಹಾಕುತ್ತದೆ. ಎಂಜಿನ್ನಿನ ಹೊರಮೈಗೆ ಸೀಮೆಎಣ್ಣೆ ಮತ್ತು ಬ್ರಷ್ ಸಾಕು.

ಟ್ಯಾಂಕು ಮತ್ತು ಇಂಧನ

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದ್ದರೆ ಹಳೆಯ ಇಂಧನವನ್ನು ಪೂರ್ತಿ ತೆಗೆದು, ಸೋಪುನೀರಿನಲ್ಲಿ ತೊಳೆದು, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಚೆನ್ನಾಗಿ ಕುಲುಕಬೇಕು. ಬಳಿಕ ವಿನೆಗರ್ ತುಂಬಿ ಒಂದೆರಡು ದಿನ ಇಟ್ಟು, ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಡಮಾಡದೆ ಒಣಗಿಸಿ ಒಳಮೈಗೆ ಎಣ್ಣೆ ಸವರಬೇಕು. ಟ್ಯಾಂಕು ಸೋರುತ್ತಿದ್ದರೆ ಮನೆಯಲ್ಲಿ ಬೆಸುಗೆ ಹಾಕುವ ಸಾಹಸ ಬೇಡವೇ ಬೇಡ. ಬರಿದಾದ ಟ್ಯಾಂಕಿನೊಳಗೆ ಉಳಿದ ಪೆಟ್ರೋಲ್ ಆವಿಯು ತುಂಬಿದ ಟ್ಯಾಂಕಿಗಿಂತ ಹೆಚ್ಚು ಸ್ಫೋಟಕವೆಂಬುದನ್ನು ಮರೆಯಬಾರದು.

ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಇದು ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಆದಕಾರಣ ಇಂಧನದ ಪೈಪು, ವಾಷರುಗಳನ್ನು ಹೊಸ ಬಗೆಯವಕ್ಕೆ ಬದಲಾಯಿಸಿ, ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡುವುದು ಕ್ಷೇಮ. ಈ ಎಂಜಿನ್ನಿಗೆ ಬೇರೆ ಆಯಿಲ್ ಪಂಪು ಇಲ್ಲ. ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 40 ಮಿ.ಲೀ. ಟು-ಟಿ ಆಯಿಲ್ ಬೆರೆಸಿಯೇ ಹಾಕಬೇಕು.

ವಿದ್ಯುತ್ ಮತ್ತು ಬಣ್ಣ

ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಇದರಲ್ಲಿ ಅದೇ ಬೆಳಕಿಗೆ 12 ವೋಲ್ಟಿನ ಬಂಡಿಗಿಂತ ಎರಡರಷ್ಟು ವಿದ್ಯುತ್ ಪ್ರವಾಹ ಬೇಕಾಗುವುದರಿಂದ, ಜೋಡಣೆಯಲ್ಲಿ ಕೊಂಚ ತುಕ್ಕಿದ್ದರೂ ದೀಪ ಮಂಕಾಗುತ್ತದೆ. ಡೈನಮೋ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಅರ್ಥ್ ಜೋಡಣೆಗಳನ್ನು ಉಜ್ಜಿ ನೋಡಿ. ಕಾಂಟ್ಯಾಕ್ಟ್ ಪಾಯಿಂಟಿನ ಅಂತರ 0.4 ಮಿ.ಮೀ. ಇರಬೇಕು, ಇದನ್ನು ಫೀಲರ್ ಗೇಜಿನಿಂದ ಮನೆಯಲ್ಲೇ ಹೊಂದಿಸಬಹುದು.

ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ಅದನ್ನು ಕೆರೆಯದೆ ಪಾಲಿಶ್ ಮಾಡಿ ಉಳಿಸಿಕೊಳ್ಳುವುದೇ ಲೇಸು. ಹೊಸ ಬಣ್ಣ ಎಂದಾದರೂ ಬಳಿಯಬಹುದು, ಕಾರ್ಖಾನೆಯ ಬಣ್ಣ ಮತ್ತೆ ಬಾರದು.

ಮನೆಯಲ್ಲಿ ಮಾಡಬಾರದ ಕೆಲಸಗಳು

ಸಿಲಿಂಡರ್ ಬೋರಿಂಗ್, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸುವುದು, ಕ್ರೋಮ್ ಲೇಪನ ಇವನ್ನು ಅನುಭವಿಗಳಿಗೆ ಬಿಡಬೇಕು. ಕ್ರೋಮ್ ಲೇಪನದ ದ್ರಾವಣ ವಿಷಕಾರಿ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವ ಉಂಟು. ಆ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕಾಗದಪತ್ರಗಳ ಎಚ್ಚರ

ಯಂತ್ರ ಸರಿಹೋದರೂ ದಾಖಲೆ ಇಲ್ಲದ ಬಂಡಿ ರಸ್ತೆಗೆ ಇಳಿಯಲಾಗದು. ನೋಂದಣಿ ಪುಸ್ತಕವನ್ನು ಹುಡುಕಿ, ಅದರಲ್ಲಿನ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಬಂಡಿಯ ಮೇಲಿನವುಗಳೊಡನೆ ತಾಳೆಯಾಗುತ್ತವೆಯೇ ಎಂದು ಮೊದಲೇ ನೋಡಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮಗಳನ್ನು ತಂದಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ ಮುಂತಾದ ಸಂದರ್ಭಗಳ ಹೊರತು ದಿನನಿತ್ಯ ಓಡಿಸುವಂತಿಲ್ಲ. ನಿತ್ಯ ಬಳಸುವ ಇಚ್ಛೆಯುಳ್ಳವರು ಸಾಮಾನ್ಯ ನೋಂದಣಿಯ ನವೀಕರಣವನ್ನೇ ವಿಚಾರಿಸಬೇಕು.

ಈ ಕೆಲಸ ಒಂದು ವಾರದಲ್ಲಿ ಮುಗಿಯುವಂಥದಲ್ಲ. ಭಾನುವಾರಗಳ ಬಿಡುವಿನಲ್ಲಿ ಮಾಡಿದರೆ ವರ್ಷವೇ ಹಿಡಿದೀತು. ಆದರೆ ಆ ಅವಧಿಯಲ್ಲಿ ಮನೆಯ ಹಿರಿಯರಿಗೆ ತಿಳಿದಿರುವ ಯಂತ್ರದ ಗುಟ್ಟುಗಳು ಕಿರಿಯರ ಕೈಗೆ ದಾಟುತ್ತವೆ. ಮೈಸೂರಿನ ಆ ಬಂಡಿಗಳನ್ನು ದಶಕಗಳ ಕಾಲ ಬಿಚ್ಚಿ ಜೋಡಿಸಿದ ಮೇಸ್ತ್ರಿಗಳು ಈಗ ವಯೋವೃದ್ಧರು. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ ಕಲಿಯುವುದು ಜಾಣತನ. ಮುಚ್ಚಿಹೋದ ಕಾರ್ಖಾನೆಯ ಬಿಡಿಭಾಗವನ್ನು ಲೇತಿನಲ್ಲಾದರೂ ಮಾಡಿಸಬಹುದು. ಕಳೆದುಹೋದ ಕೈಚಳಕವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.