ಅಧ್ಯಕ್ಷರ ಸಂಪುಟ, ಹ್ಯಾಮಿಲ್ಟನ್ನರ ಮಂತ್ರಿಗಳು: ಜಾನ್ ಆಡಮ್ಸ್ ಮತ್ತು 1800ರ ಮೇ ತಿಂಗಳು

ಅಮೆರಿಕ ಗಣರಾಜ್ಯದ ಮೊದಲ ವರ್ಷಗಳ ಒಂದು ಪ್ರಶ್ನೆಯನ್ನು ಇವತ್ತು ತೆಗೆದುಕೊಂಡಿದ್ದೇನೆ. ಮಂತ್ರಿಯಾದವನು ಯಾರಿಗೆ ಉತ್ತರ ಹೇಳಬೇಕು? ಅಧ್ಯಕ್ಷರಿಗೋ, ತನ್ನ ಪಕ್ಷದ ನಾಯಕನಿಗೋ?

ಅಲ್ಲಿನ ಸಂವಿಧಾನದಲ್ಲಿ 'ಸಂಪುಟ' ಅನ್ನುವ ಮಾತೇ ಇಲ್ಲ. ಇಲಾಖೆಯ ಮುಖ್ಯಸ್ಥರಿಂದ ಅಧ್ಯಕ್ಷರು ಲಿಖಿತ ಅಭಿಪ್ರಾಯ ಕೇಳಬಹುದು ಅಂತಿದೆ, ಅಷ್ಟೆ. ಅವರನ್ನು ನೇಮಿಸೋದಕ್ಕೆ ಸೆನೆಟ್ ಒಪ್ಪಿಗೆ ಬೇಕು. ತೆಗೆಯೋದು ಯಾರು ಅನ್ನೋದಕ್ಕೆ ಉತ್ತರ ಇರಲಿಲ್ಲ. 1789ರಲ್ಲಿ ಈ ಪ್ರಶ್ನೆ ಸೆನೆಟ್ಟಿಗೆ ಬಂದಾಗ ಮತಗಳು ಸಮವಾದವು. ಸಭೆ ನಡೆಸುತ್ತಿದ್ದ ಉಪಾಧ್ಯಕ್ಷ ಜಾನ್ ಆಡಮ್ಸ್ ತಮ್ಮ ಮತವನ್ನು ಅಧ್ಯಕ್ಷರ ಅಧಿಕಾರದ ಪರವಾಗಿ ಹಾಕಿದರು. ಈ ಮತ ನೆನಪಿರಲಿ.

ವಾಷಿಂಗ್ಟನ್ನರ ಸಂಪುಟದಲ್ಲಿ ಜೆಫರ್ಸನ್ ಮತ್ತು ಹ್ಯಾಮಿಲ್ಟನ್ ನಡುವೆ ಜಗಳ ನಿಲ್ಲಲೇ ಇಲ್ಲ. 1793ರ ಕೊನೆಗೆ ಜೆಫರ್ಸನ್, 1795ರ ಜನವರಿಯಲ್ಲಿ ಹ್ಯಾಮಿಲ್ಟನ್ ಹೊರನಡೆದರು. ಹ್ಯಾಮಿಲ್ಟನ್ ಕುರ್ಚಿ ಬಿಟ್ಟರೂ ಹಿಡಿತ ಬಿಡಲಿಲ್ಲ. 71ಕ್ಕೆ 68 ಮತಗಳಿಂದ ಜೆಫರ್ಸನ್ನರನ್ನು ಸೋಲಿಸಿ 1797ರಲ್ಲಿ ಅಧ್ಯಕ್ಷರಾದ ಆಡಮ್ಸ್ ಹಳೆಯ ಮಂತ್ರಿಗಳನ್ನೇ ಉಳಿಸಿಕೊಂಡರು. ಹೊಸ ಅಧ್ಯಕ್ಷ ಬಂದರೆ ಹೊಸ ಸಂಪುಟ ಅನ್ನುವ ರೂಢಿ ಆಗಿನ್ನೂ ಇರಲಿಲ್ಲವಲ್ಲ. ಆದರೆ ವಿದೇಶಾಂಗದ ಪಿಕರಿಂಗ್, ಯುದ್ಧ ಇಲಾಖೆಯ ಮೆಕ್‌ಹೆನ್ರಿ, ಹಣಕಾಸಿನ ವಾಲ್ಕಾಟ್ ಮೂವರೂ ಹ್ಯಾಮಿಲ್ಟನ್ನರಿಗೆ ಪತ್ರ ಬರೆದು ಸಲಹೆ ತರಿಸಿಕೊಳ್ಳುತ್ತಿದ್ದರು.

ಫ್ರಾನ್ಸಿನ ಜತೆ ಸಮುದ್ರದಲ್ಲಿ ಕಾದಾಟ ನಡೆದಿದ್ದ ಕಾಲ ಅದು. 1799ರ ಫೆಬ್ರವರಿಯಲ್ಲಿ ಆಡಮ್ಸ್ ಈ ಮಂತ್ರಿಗಳನ್ನು ಕೇಳದೆಯೇ ಶಾಂತಿ ಮಾತುಕತೆಗೆ ರಾಯಭಾರಿಯ ಹೆಸರು ಸೂಚಿಸಿದರು. ಅಲ್ಲಿಂದ ಬಿರುಕು ಬಹಿರಂಗವಾಯಿತು. 1800ರ ಮೇ ತಿಂಗಳಲ್ಲಿ ಮೆಕ್‌ಹೆನ್ರಿಯ ರಾಜೀನಾಮೆ ಪಡೆದರು. ಪಿಕರಿಂಗ್ ರಾಜೀನಾಮೆ ಕೊಡಲ್ಲ ಅಂದಾಗ ಮೇ 12ರಂದು ವಜಾ ಮಾಡಿದರು. ಹನ್ನೊಂದು ವರ್ಷದ ಹಿಂದಿನ ತಮ್ಮದೇ ಮತ ಅವರ ಕೈಗೆ ಬಂತು ನೋಡಿ!

ಇದರಿಂದ ಗೆದ್ದವರು ಯಾರು? ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ಜತೆ ಒಪ್ಪಂದವಾಯಿತು. ಆದರೆ ಸುದ್ದಿ ತಡವಾಗಿ ತಲುಪಿತು. ಅಷ್ಟರಲ್ಲಿ ಆಡಮ್ಸರನ್ನು ತೆಗಳಿ ಹ್ಯಾಮಿಲ್ಟನ್ ಬರೆದ ಪತ್ರ ಅಕ್ಟೋಬರಿನಲ್ಲಿ ಬಯಲಿಗೆ ಬಿತ್ತು. ಅದಕ್ಕೆ ಮಾಹಿತಿ ಒದಗಿಸಿದವರಲ್ಲಿ ಇನ್ನೂ ಹುದ್ದೆಯಲ್ಲೇ ಇದ್ದ ವಾಲ್ಕಾಟ್ ಕೂಡ ಒಬ್ಬರು. ಒಡೆದ ಪಕ್ಷ ಸೋತಿತು: ಜೆಫರ್ಸನ್ 73, ಬರ್ 73, ಆಡಮ್ಸ್ 65.

ಆಡಮ್ಸ್ ಮೂರು ವರ್ಷ ಯಾಕೆ ಕಾದರು ಅಂತ ನೀವು ಕೇಳಬಹುದು. ಕಾಗದದ ಮೇಲೆ ಅಧಿಕಾರವಿತ್ತು, ಆದರೆ ಆ ಮಂತ್ರಿಗಳನ್ನು ತೆಗೆದರೆ ಪಕ್ಷ ಒಡೆಯುತ್ತದೆ ಅನ್ನುವ ಭಯವೂ ಇತ್ತು ಅಂತ ನನಗನಿಸುತ್ತದೆ. ತೆಗೆದ ಮೇಲೆ ಆದದ್ದೂ ಅದೇ. 1801ರಲ್ಲಿ ಬಂದ ಜೆಫರ್ಸನ್ ತಮ್ಮವರನ್ನೇ ಆರಿಸಿಕೊಂಡರು. ವಿದೇಶಾಂಗದ ಮ್ಯಾಡಿಸನ್, ಹಣಕಾಸಿನ ಗ್ಯಾಲಟಿನ್ ಎಂಟು ವರ್ಷವೂ ಜತೆಗಿದ್ದರು. ಆಡಮ್ಸ್ ತೆತ್ತ ಬೆಲೆಯ ಪಾಠ ಎದುರಾಳಿಗೆ ದಕ್ಕಿತು. ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.