ವಾಗ್ಳೆ ಎಸ್ಟೇಟಿನಲ್ಲಿ ಪೋಕೆಮಾನ್ ಬೇಟೆ

ಠಾಣೆಯ ವಾಗ್ಳೆ ಎಸ್ಟೇಟ್ ಎಂದರೆ ಊರು ಬಿಟ್ಟು ಬಂದ ಹಳಬರಿಗೆ ನೆನಪಾಗುವುದು ಕಾರ್ಖಾನೆ, ಕ್ಯಾಂಟೀನು, ಪಾಳಿ ಕೆಲಸ. 1962ರಲ್ಲಿ ಸ್ಥಾಪನೆಯಾದ ಎಂಐಡಿಸಿಯ ಆರಂಭದ ಕೈಗಾರಿಕಾ ವಸಾಹತುಗಳಲ್ಲಿ ಇದೂ ಒಂದು. ಈಗ ಹಲವು ಕಾರ್ಖಾನೆಗಳ ಜಾಗದಲ್ಲಿ ಗಾಜಿನ ಐಟಿ ಕಟ್ಟಡಗಳು ಎದ್ದಿವೆ. ಅಂಥದ್ದೊಂದರಲ್ಲಿ ನನ್ನ ಕೆಲಸ. ಮಧ್ಯಾಹ್ನದ ಊಟ ಮುಗಿಸಿ ಮೊಬೈಲ್ ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು, ಪರದೆಯ ಮೇಲೆ ಬೆರಳಾಡಿಸುವ ನಾಲ್ಕಾರು ಮಂದಿ ನಿಮಗೆ ಇಲ್ಲಿ ಕಂಡರೆ ಗಾಬರಿಯಾಗಬೇಡಿ. ನಾವು ಪೋಕೆಮಾನ್ ಹಿಡಿಯುತ್ತಿರುತ್ತೇವೆ.

ಪೋಕೆಮಾನ್ ಗೋ ಕೆಲವು ದೇಶಗಳಲ್ಲಿ 2016ರ ಜುಲೈನಲ್ಲಿ ಬಂತು. ಭಾರತಕ್ಕೆ ಅಧಿಕೃತವಾಗಿ ಬಂದದ್ದು ಅದೇ ವರ್ಷ ಡಿಸೆಂಬರಿನಲ್ಲಿ, ಜಿಯೋ ಜೊತೆಗಿನ ಒಪ್ಪಂದದೊಂದಿಗೆ. ಆಗಿನ ಹುಚ್ಚು ಇಳಿದಿದೆ, ಆದರೆ ಆಟ ನಿಂತಿಲ್ಲ.

ಆಟದ ಲೆಕ್ಕ ಸರಳ. ನೀವು ನಿಂತ ಜಾಗವನ್ನು ಜಿಪಿಎಸ್ ಹೇಳುತ್ತದೆ. ನಕ್ಷೆಯ ಕೆಲವು ನಿಗದಿತ ಬಿಂದುಗಳಲ್ಲಿ ಜೀವಿಗಳು ಮೂಡಿ, ಸ್ವಲ್ಪ ಹೊತ್ತು ಇದ್ದು, ಮಾಯವಾಗುತ್ತವೆ. ಮಳೆ ಬಂದರೆ ನೀರಿನ ಜಾತಿಯವು ಹೆಚ್ಚು. ನಮ್ಮ ಜುಲೈ ತಿಂಗಳಲ್ಲಿ ಅವಕ್ಕೆ ಬರವೇ ಇಲ್ಲ! ಗುಡಿ, ಪ್ರತಿಮೆ, ಉದ್ಯಾನಗಳಂಥ ಗುರುತಿನ ಜಾಗಗಳು ಪೋಕೆಸ್ಟಾಪ್ ಆಗಿರುತ್ತವೆ. ಹಿಡಿಯಲು ಬೇಕಾದ ಚೆಂಡು ಸಿಗುವುದು ಅಲ್ಲಿ. ಮೊಟ್ಟೆ ಒಡೆಯಬೇಕಾದರೆ 2, 5, 10 ಹೀಗೆ ನಿಗದಿತ ಕಿಲೋಮೀಟರ್ ನಡೆಯಬೇಕು. ರಿಕ್ಷಾದಲ್ಲಿ ಕೂತು ವೇಗವಾಗಿ ಹೋದರೆ ಲೆಕ್ಕಕ್ಕಿಲ್ಲ.

ಈ ಗುರುತಿನ ಜಾಗಗಳನ್ನು ಆರಿಸಿದವರು ಯಾರು? ನನಗೆ ಆಟಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು. ನಯಾಂಟಿಕ್ ಕಂಪನಿಯ ಹಿಂದಿನ ಆಟ ಇಂಗ್ರೆಸ್. ಅದನ್ನು ಆಡುತ್ತಿದ್ದವರು ಸೂಚಿಸಿದ ಸ್ಥಳಗಳೇ ಬಹುಪಾಲು ಪೋಕೆಸ್ಟಾಪ್‌ಗಳಾದವು. ಅಂದರೆ ಸ್ಮಾರ್ಟ್‌ಫೋನ್ ಹಿಡಿದು ಅಡ್ಡಾಡುವ ಪುರುಸೊತ್ತು ಇದ್ದವರ ಬೀದಿಗಳು ನಕ್ಷೆಯಲ್ಲಿ ತುಂಬಿಕೊಂಡವು, ಉಳಿದವು ಖಾಲಿ ಉಳಿದವು. ಅಮೆರಿಕದಲ್ಲಿ ಕಪ್ಪು ಜನರು ಹೆಚ್ಚಿರುವ ಬಡಾವಣೆಗಳಲ್ಲಿ ಪೋಕೆಸ್ಟಾಪ್‌ಗಳು ಕಡಿಮೆ ಎಂಬ ಮಾತು 2016ರಲ್ಲೇ ಚರ್ಚೆಯಾಗಿತ್ತು. ವಾಗ್ಳೆಯಲ್ಲೂ ನಾನು ಕಂಡದ್ದು ಅದೇ ಬಗೆ: ಆಫೀಸುಗಳ ಸುತ್ತ ಒಂದರ ಪಕ್ಕ ಒಂದು, ಒಳಗಿನ ಗಲ್ಲಿಗಳಲ್ಲಿ ವಿರಳ. ಆ ಗಲ್ಲಿಗಳಲ್ಲಿ ಗಣಪತಿ ಗುಡಿ ಇದೆ, ವ್ಯಾಯಾಮಶಾಲೆ ಇದೆ, ಅರಳಿಕಟ್ಟೆ ಇದೆ. ಯಾರೂ ಬರೆದು ಕಳಿಸಿರಲಿಲ್ಲ, ಅಷ್ಟೇ.

ಈಗ ವೇಫೇರರ್ ಎಂಬ ವ್ಯವಸ್ಥೆ ಇದೆ. ಸಾಕಷ್ಟು ಮೇಲಿನ ಹಂತ ತಲುಪಿದ ಆಟಗಾರ ಸ್ಥಳದ ಫೋಟೋ, ಹೆಸರು, ವಿವರ ಕಳಿಸಬಹುದು. ಬೇರೆ ಆಟಗಾರರು ಪರಿಶೀಲಿಸುತ್ತಾರೆ. ಖಾಸಗಿ ಮನೆ, ಮಕ್ಕಳ ಶಾಲೆಗಳಿಗೆ ಅವಕಾಶವಿಲ್ಲ. ಕಿಸನ್ ನಗರದ ಒಂದು ಪುಟ್ಟ ಗುಡಿಯನ್ನು ನಾನು ಕಳಿಸಿದೆ, ಒಪ್ಪಿಗೆಯಾಯಿತು. ಫೋಟೋ ತೆಗೆಯುವಾಗ ಎದುರಿನ ಅಂಗಡಿಯ ಮಾವ, ಉಡುಪಿ ಕಡೆಯವರು, "ಎಂತ ಮಾರಾಯ್ರೆ, ಸರ್ವೆಯಾ?" ಎಂದು ಕೇಳಿದರು. ಆತಂಕ ಸುಮ್ಮನೆ ಅಲ್ಲ. ಅಲ್ಲಿ 2023ರಲ್ಲಿ ಕ್ಲಸ್ಟರ್ ಪುನರಾಭಿವೃದ್ಧಿಗೆ ಶಂಕುಸ್ಥಾಪನೆಯಾಗಿದೆ. ಆಟ ಎಂದು ವಿವರಿಸಿದ ಮೇಲೆ, "ಹಾಗಾದರೆ ಈ ಗುಡಿಯ ಪಟ ಉಳೀತದಲ್ಲ, ಬಿಡಿ" ಎಂದರು.

ಪೋಕೆಮಾನ್‌ನ ಮೂಲವೂ ಇಂಥದ್ದೇ. ಅದನ್ನು ಕಲ್ಪಿಸಿದ ಸತೋಶಿ ತಜಿರಿ ಬಾಲ್ಯದಲ್ಲಿ ಟೋಕಿಯೊ ಹೊರವಲಯದ ಹೊಲ, ಕೆರೆಗಳಲ್ಲಿ ಕೀಟ ಹಿಡಿಯುತ್ತಿದ್ದವರು. ನಗರ ಬೆಳೆದು ಆ ಜಾಗಗಳು ಹೋದವು. ಆ ಸುಖ ಮಕ್ಕಳಿಗೆ ಮತ್ತೆ ಸಿಗಲೆಂದು ಮಾಡಿದ ಆಟ 1996ರಲ್ಲಿ ಹೊರಬಂತು. ನಾವು ಊರಲ್ಲಿ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿದವರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಗದ್ದೆ ಇಲ್ಲ. ಭಾನುವಾರ ಬೆಳಿಗ್ಗೆ ಮಗಳನ್ನು ರಾಯಲಾದೇವಿ ಕೆರೆಗೆ ಕರೆದೊಯ್ಯುತ್ತೇನೆ. ಅವಳು ಒಂದು ಮ್ಯಾಜಿಕಾರ್ಪ್ ಹಿಡಿಯುವಷ್ಟರಲ್ಲಿ ನಿಜವಾದ ಕೊಕ್ಕರೆಯೊಂದು ಕಾಣಿಸಿದರೆ ನನಗೆ ಎರಡು ಲಾಭ.

ಹೊಸದಾಗಿ ಆಡುವವರಿಗೆ ಒಂದು ಮಾತು. ಎಸ್ಟೇಟಿನ ರಸ್ತೆಗಳಲ್ಲಿ ಟೆಂಪೋ, ಲಾರಿ ವಿಪರೀತ. ಸ್ಟಾಪ್ ಮುಟ್ಟಲು ಈಗ 80 ಮೀಟರ್ ದೂರದಿಂದಲೇ ಸಾಧ್ಯ. ರಸ್ತೆ ದಾಟುವ ಅಗತ್ಯವಿಲ್ಲ, ಫುಟ್‌ಪಾತಿನಲ್ಲೇ ನಿಲ್ಲಿ. ನಿಮ್ಮ ಗಲ್ಲಿಯ ಗುಡಿಯೋ ಕಟ್ಟೆಯೋ ನಕ್ಷೆಯಲ್ಲಿ ಇಲ್ಲದಿದ್ದರೆ ಒಂದು ಫೋಟೋ ತೆಗೆದು ಕಳಿಸಿ.