ಕೊಲೊಮೆನ್‌ಸ್ಕೋಯೆ: ಬಡಗಿಗಳು ಕಟ್ಟಿದ ಅರಮನೆ

ಅರಮನೆಗಳ ಚರಿತ್ರೆಯಲ್ಲಿ ಕಟ್ಟಿಸಿದವರ ಹೆಸರು ಉಳಿಯುತ್ತದೆ. ಕಟ್ಟಿದವರ ಹೆಸರು ಅಳಿಯುತ್ತದೆ. ಮಾಸ್ಕೋ ನದಿಯ ದಂಡೆಯ ಕೊಲೊಮೆನ್‌ಸ್ಕೋಯೆ ಅರಮನೆ ಈ ಮಾತಿಗೆ ಅಪವಾದ. ಜಾರ್ ಅಲೆಕ್ಸಿ ಮಿಖೈಲೊವಿಚ್ ಕಟ್ಟಿಸಿದ ಈ ಮರದ ಅರಮನೆಯ ಮುಖ್ಯ ಕರ್ಮಿಗಳೆಂದು ಇಬ್ಬರ ಹೆಸರುಗಳು ದಾಖಲಾಗಿವೆ. ಒಬ್ಬ, ಬಡಗಿಗಳ ಮುಖಂಡನಾಗಿದ್ದ ಜೀತದ ರೈತ ಸೆಮ್ಯೋನ್ ಪೆಟ್ರೋವ್. ಇನ್ನೊಬ್ಬ, ಸ್ಟ್ರೆಲ್ಟ್ಸಿ ಪಡೆಗೆ ಸೇರಿದ ಇವಾನ್ ಮಿಖೈಲೋವ್.

ಅರಮನೆಯ ಕೆಲಸ 1667ರಲ್ಲಿ ಆರಂಭವಾಯಿತು. ಸುಮಾರು 270 ಕೋಣೆಗಳು, 3000 ಕಿಟಕಿಗಳು ಇದ್ದವೆಂಬ ಲೆಕ್ಕ ಪ್ರಚಲಿತವಾಗಿದೆ. ಆದರೆ ಇದರ ವೈಶಿಷ್ಟ್ಯವಿರುವುದು ಗಾತ್ರದಲ್ಲಲ್ಲ, ರಚನಾಕ್ರಮದಲ್ಲಿ. ರಷ್ಯಾದ ರೈತನ ಮನೆಗೆ ಮೂಲಘಟಕ, ದಿಮ್ಮಿಗಳನ್ನು ಮೂಲೆಗಳಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಕೂಡಿಸಿದ ಚೌಕಟ್ಟು. ಸಂಸಾರ ಬೆಳೆದಂತೆ ಇನ್ನೊಂದು ಚೌಕಟ್ಟನ್ನು ನಿಲ್ಲಿಸಿ, ನಡುವೆ ಪಡಸಾಲೆಯಂಥ 'ಸೇನಿ'ಯಿಂದ ಜೋಡಿಸಲಾಗುತ್ತದೆ. ಅರಮನೆಯೂ ಹೀಗೆಯೇ ರೂಪುಗೊಂಡಿತು. ಜಾರ್, ರಾಣಿ, ರಾಜಕುಮಾರ, ರಾಜಕುಮಾರಿಯರ ಬಿಡಾರಗಳು ಬೇರೆಬೇರೆಯಾಗಿದ್ದು, ಓಣಿಗಳಂಥ ಹಾದಿಗಳಿಂದ ಕೂಡಿಕೊಂಡಿದ್ದವು. ಪ್ರತಿ ಬಿಡಾರಕ್ಕೂ ಬೇರೆ ಮಾಡು: ಒಂದಕ್ಕೆ ಗುಡಾರದಾಕಾರ, ಮತ್ತೊಂದಕ್ಕೆ ಪೀಪಾಯಿಯಾಕಾರ, ಇನ್ನೊಂದಕ್ಕೆ ಉಬ್ಬಿದ ಚೌಕಾಕಾರ. ಸಮಮಿತಿಯ ಹಂಗಿಲ್ಲದ ಈ ಕಟ್ಟಡವನ್ನು ಆಸ್ಥಾನಕವಿ ಸಿಮಿಯೋನ್ ಪೊಲೊಟ್‌ಸ್ಕಿ ಜಗತ್ತಿನ ಎಂಟನೆಯ ಅದ್ಭುತವೆಂದು ಕರೆದನು.

ಜನಪದ ಮತ್ತು ಶಿಷ್ಟ ಪರಂಪರೆಗಳ ಕೊಡುಕೊಳೆಗೆ ಇದಕ್ಕೂ ಹಿಂದಿನ ಸಾಕ್ಷಿ ಅದೇ ಆವರಣದಲ್ಲಿದೆ. 1532ರಲ್ಲಿ, ಮೂರನೆಯ ವಸಿಲಿಯ ಕಾಲದಲ್ಲಿ ಪೂರ್ಣಗೊಂಡ ಸ್ವರ್ಗಾರೋಹಣ ಚರ್ಚು ಸುಮಾರು 62 ಮೀಟರ್ ಎತ್ತರವಿದೆ. ಅದರ ಗುಡಾರದಾಕಾರದ ಶಿಖರವು ಮರದ ಚರ್ಚುಗಳ ಮಾದರಿಯಿಂದ ಇಟ್ಟಿಗೆ-ಕಲ್ಲಿಗೆ ಬಂದದ್ದೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1994ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆಸ್ಥಾನ ಪೀಟರ್ಸ್‌ಬರ್ಗಿಗೆ ಹೋದ ಮೇಲೆ ಮರದ ಅರಮನೆ ಶಿಥಿಲವಾಯಿತು. ದಿಮ್ಮಿಯ ಕಟ್ಟಡಕ್ಕೆ ನಿತ್ಯದ ಆರೈಕೆ ಬೇಕು. ಕೆಳಸಾಲಿನ ದಿಮ್ಮಿ ಕೊಳೆತರೆ ಬದಲಿಸುವ ಕೈ ಬೇಕು. ಎರಡನೆಯ ಕ್ಯಾಥರೀನಳ ಆಜ್ಞೆಯಂತೆ 1768ರಲ್ಲಿ ಅದನ್ನು ಕೆಡವಲಾಯಿತು. ಕೆಡವುವ ಮುನ್ನ ಅಳತೆಯ ನಕ್ಷೆಗಳನ್ನು ಮಾಡಿಸಿದ್ದರಿಂದ ಅದರ ಆಕಾರ ಮಾತ್ರ ಉಳಿಯಿತು.

1923ರಲ್ಲಿ ಇಲ್ಲಿ ವಸ್ತುಸಂಗ್ರಹಾಲಯವನ್ನು ಆರಂಭಿಸಿದ ವಾಸ್ತುಜ್ಞ ಪಯೋತ್ರ್ ಬರನೋವ್‌ಸ್ಕಿ, ಅಳಿವಿನಂಚಿನಲ್ಲಿದ್ದ ಮರದ ಕಟ್ಟಡಗಳನ್ನು ಬೇರೆಡೆಗಳಿಂದ ತಂದು ನಿಲ್ಲಿಸುವ ಪದ್ಧತಿಗೆ ನಾಂದಿ ಹಾಡಿದನು. ಅರ್ಖಾಂಗೆಲ್‌ಸ್ಕ್ ಪ್ರದೇಶದಿಂದ ಬಂದ, 1702ರ ಪೀಟರನ ಮನೆ ಇಂಥದ್ದು. ದಿಮ್ಮಿಗಳಿಗೆ ಗುರುತು ಹಾಕಿ ಬಿಚ್ಚಿ ಮರಳಿ ಜೋಡಿಸಬಹುದಾದದ್ದು ಬಡಗಿಯ ಕಟ್ಟುವ ಕ್ರಮದಿಂದಲೇ.

2010ರಲ್ಲಿ ಹಳೆಯ ನಕ್ಷೆಗಳ ಆಧಾರದಿಂದ ಅರಮನೆಯನ್ನು ಮತ್ತೆ ನಿರ್ಮಿಸಲಾಯಿತು. ಆದರೆ ಮೂಲ ಸ್ಥಳದಲ್ಲಲ್ಲ. ಒಳಗೆ ಕಾಂಕ್ರೀಟು, ಹೊರಗೆ ಮರದ ಹೊದಿಕೆ. ನೋಡುಗರಿಗೆ ಇದರಿಂದ ಹಳೆಯ ವೈಭವದ ಕಲ್ಪನೆ ದೊರೆಯುತ್ತದೆ; ಆ ಉಪಯೋಗವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಪೆಟ್ರೋವನ ಅರಮನೆಯಲ್ಲಿ ದಿಮ್ಮಿಯೇ ಗೋಡೆಯಾಗಿತ್ತು, ದಿಮ್ಮಿಯೇ ಭಾರ ಹೊತ್ತಿತ್ತು. ಇಲ್ಲಿ ಅದು ಅಲಂಕಾರವಾಗಿದೆ. ನಕ್ಷೆ ರೂಪವನ್ನು ಕಾಯಬಲ್ಲದು, ಕಸುಬನ್ನು ಕಾಯಲಾರದು. ಜನಪದ ವಾಸ್ತುವಿನ ಸಂರಕ್ಷಣೆಯನ್ನು ಕುರಿತು ಚಿಂತಿಸುವವರು ಕಟ್ಟಡದ ಜೊತೆಗೆ ಕಟ್ಟುವ ಕೈಗಳನ್ನೂ ಉಳಿಸಿಕೊಳ್ಳುವ ಬಗೆಯನ್ನು ಯೋಚಿಸಬೇಕಾಗುತ್ತದೆ.